ಮುಟ್ಟಿದ ಕೂಡಲೇ ಜೀವಕೋಶಗಳು ದಾರಿ ಬದಲಿಸುವುದೇಕೆ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ತರಗತಿಯಲ್ಲಿ ತೋರಿಸಲು ಒಂದು ವಿಡಿಯೊ ಸಿಕ್ಕಿತು. ಅದರಲ್ಲಿ ಎರಡು ಜೀವಕೋಶಗಳು ಎದುರುಬದುರಾಗಿ ತೆವಳುತ್ತಾ ಬಂದವು, ಒಂದಕ್ಕೊಂದು ತಾಗಿದವು, ಸ್ವಲ್ಪ ಹೊತ್ತು ಹಾಗೇ ಇದ್ದು ಬೇರೆ ಬೇರೆ ದಿಕ್ಕಿಗೆ ಹೊರಟುಹೋದವು. ಕಣ್ಣಿಲ್ಲ, ಮಿದುಳಿಲ್ಲ, ಎದುರಿಗೆ ಯಾರಿದ್ದಾರೆಂದು ಅವಕ್ಕೆ ಗೊತ್ತಾಗುವುದು ಹೇಗೆ? ತಾಗಿದರೆ ದೂರ ಸರಿಯುವುದೇ ನಿಯಮವಾದರೆ ಗಾಯ ಮುಚ್ಚುವುದು ಹೇಗೆ? ಭ್ರೂಣದಲ್ಲಿ ಕೋಶಗಳು ಗುಂಪಾಗಿ ಹೋಗುವುದು ಹೇಗೆ? ಕ್ಯಾನ್ಸರ್ ಕೋಶಗಳು ಈ ಗುಣ ಕಳೆದುಕೊಂಡಿರುತ್ತವೆ ಎಂದು ನಮ್ಮ ಪಠ್ಯದಲ್ಲಿದೆ. ಅದೂ ಇದೂ ಒಂದೇನಾ?
— ಓದುಗರೊಬ್ಬರು, ಶಿರಸಿ

ಉತ್ತರ:

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಲ್ಲಿರುವ ಗೊಂದಲ ಬಿಡಿಸದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ.

ಅದೂ ಇದೂ ಒಂದೇ ಅಲ್ಲ. ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಕ್ಯಾನ್ಸರ್ ಬಗ್ಗೆ ಓದುವಾಗ ಬರುವ 'ಕಾಂಟ್ಯಾಕ್ಟ್ ಇನ್‌ಹಿಬಿಷನ್' ಬೆಳವಣಿಗೆಗೆ ಸಂಬಂಧಪಟ್ಟದ್ದು. ಆರೋಗ್ಯವಾಗಿರುವ ಕೋಶಗಳು ಪ್ರಯೋಗಾಲಯದ ತಟ್ಟೆಯ ತಳವನ್ನು ಪೂರ್ತಿ ತುಂಬಿದ ಮೇಲೆ ಒಡೆದು ಎರಡಾಗುವುದನ್ನು ನಿಲ್ಲಿಸುತ್ತವೆ. ಕ್ಯಾನ್ಸರ್ ಕೋಶಗಳು ನಿಲ್ಲಿಸುವುದಿಲ್ಲ, ಒಂದರ ಮೇಲೊಂದು ಗುಡ್ಡೆ ಹಾಕಿಕೊಳ್ಳುತ್ತವೆ. ನೀವು ವಿಡಿಯೊದಲ್ಲಿ ನೋಡಿದ್ದು ಚಲನೆಯ ವಿಷಯ. ಕೋಶ ಹೆಚ್ಚುವುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ತಮಾಷೆಯೆಂದರೆ, ಈ ಹೆಸರನ್ನು ಮೊದಲು ಇಟ್ಟದ್ದು ಚಲನೆಗೆ. 1960ರ ದಶಕದಲ್ಲಿ ಕೋಶಗಳ ಬೆಳವಣಿಗೆ ನೋಡುತ್ತಿದ್ದವರು ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಪಠ್ಯಪುಸ್ತಕಗಳಲ್ಲಿ ಅದೇ ಗಟ್ಟಿಯಾಗಿ ಕೂತುಬಿಟ್ಟಿತು. ಒಂದನ್ನು ಕಳೆದುಕೊಂಡ ಕೋಶ ಇನ್ನೊಂದನ್ನು ಇಟ್ಟುಕೊಂಡಿರಬಹುದು. ಹಾಗಾಗಿ ಮಕ್ಕಳಿಗೆ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿ.

ಚಲನೆಯ ಕಥೆ ಶುರುವಾದದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಕೋಳಿ ಭ್ರೂಣದ ಹೃದಯದಿಂದ. ಮೈಕೆಲ್ ಅಬರ್‌ಕ್ರಾಂಬಿ ಮತ್ತು ಜೋನ್ ಹೇಸ್‌ಮನ್ ಆ ಹೃದಯದ ಎರಡು ಚೂರುಗಳನ್ನು ಗಾಜಿನ ಮೇಲೆ ಹತ್ತಿರ ಹತ್ತಿರ ಇಟ್ಟರು. ಎರಡೂ ಚೂರುಗಳಿಂದ ಫೈಬ್ರೋಬ್ಲಾಸ್ಟ್ ಕೋಶಗಳು (ಅಂಗಾಂಶಗಳನ್ನು ಹಿಡಿದಿಡುವ ನಾರು ತಯಾರಿಸುವಂಥವು) ಸುತ್ತಲೂ ತೆವಳುತ್ತಾ ಹೊರಟು ನಡುವಿನ ಖಾಲಿ ಜಾಗದಲ್ಲಿ ಎದುರಾಗುತ್ತಿದ್ದವು. ಇಬ್ಬರೂ ಅದನ್ನು ಫಿಲ್ಮ್‌ನಲ್ಲಿ ಹಿಡಿದು, ಒಂದೊಂದೇ ಕೋಶದ ಜಾಡು ಅಳೆದರು. 1953 ಮತ್ತು 1954ರಲ್ಲಿ ಬಂದ ಅವರ ಲೇಖನಗಳಲ್ಲಿ ಎರಡು ವಿಷಯ ಎದ್ದು ಕಾಣುತ್ತದೆ. ಒಂದು ಕೋಶಕ್ಕೆ ತಾಗಿಕೊಂಡಿರುವ ನೆರೆಯವರು ಜಾಸ್ತಿಯಾದಷ್ಟೂ ಅದರ ವೇಗ ಕಡಿಮೆಯಾಗುತ್ತಿತ್ತು. ಇನ್ನೊಂದು, ಸುಮ್ನೆ ಕಣ್ಣುಮುಚ್ಚಿ ಓಡಾಡಿದ್ದರೆ ಎಷ್ಟು ಕೋಶಗಳು ಒಂದರ ಮೇಲೊಂದು ಹತ್ತಬೇಕಿತ್ತೋ, ಅದಕ್ಕಿಂತ ಬಹಳ ಕಡಿಮೆ ಕೋಶಗಳು ಹತ್ತಿದ್ದವು. ಆ ಲೇಖನಗಳಿಗೆ ಅವರು ಕೊಟ್ಟ ಶೀರ್ಷಿಕೆಯಲ್ಲಿ 'ಕೋಶಗಳ ಸಾಮಾಜಿಕ ನಡವಳಿಕೆ' ಎಂಬ ಮಾತಿತ್ತು. ಆ ಕಾಲಕ್ಕೆ ಅದು ಸ್ವಲ್ಪ ಧೈರ್ಯದ ಮಾತೇ.

ಈಗ ಕೋಶ ತೆವಳುವುದು ಹೇಗೆಂದು ನೋಡೋಣ. ಅದಿಲ್ಲದೆ ತಾಗಿದಾಗ ಆಗುವುದು ಅರ್ಥವಾಗುವುದಿಲ್ಲ. ಫೈಬ್ರೋಬ್ಲಾಸ್ಟ್ ತನ್ನ ಮುಂದಿನ ಅಂಚನ್ನು ತೆಳುವಾದ ಹಾಳೆಯಂತೆ ಚಾಚುತ್ತದೆ. ಅದಕ್ಕೆ ಲ್ಯಾಮೆಲ್ಲಿಪೋಡಿಯಂ ಎನ್ನುತ್ತಾರೆ. ಅದರೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆಯುತ್ತಾ ಪೊರೆಯನ್ನು ಮುಂದಕ್ಕೆ ದೂಡುತ್ತವೆ. ಮುಂದೆ ಚಾಚಿದ ಭಾಗ ನೆಲಕ್ಕೆ ಅಂಟಿಕೊಳ್ಳುತ್ತದೆ. ಹಿಂದಿನ ಭಾಗವನ್ನು ಮಯೋಸಿನ್ ಎಂಬ ಪ್ರೋಟೀನು ಎಳೆದುಕೊಳ್ಳುತ್ತದೆ. ಹೀಗೆ ಅದು ನಿಮಿಷಕ್ಕೆ ಸುಮಾರು ಒಂದು ಮೈಕ್ರೋಮೀಟರ್, ಕೆಲವೊಮ್ಮೆ ಅದಕ್ಕೂ ಕಡಿಮೆ ದೂರ ಹೋಗುತ್ತದೆ. ತನ್ನ ಮೈಯ ಉದ್ದದಷ್ಟು ಸಾಗಲು ಗಂಟೆಗಿಂತ ಜಾಸ್ತಿ ಬೇಕಾಗಬಹುದು. ನೀವು ನೋಡಿದ ವಿಡಿಯೊ ಖಂಡಿತ ವೇಗ ಹೆಚ್ಚಿಸಿದ್ದು.

ಮುಂದೆ ಚಾಚುವ ಕೆಲಸಕ್ಕೆ ರ‍್ಯಾಕ್ ಎಂಬ ಸಣ್ಣ ಪ್ರೋಟೀನು ಬೇಕು. ಮುದುಡುವ, ಎಳೆದುಕೊಳ್ಳುವ ಕೆಲಸಕ್ಕೆ ರೋ ಎಂಬ ಇನ್ನೊಂದು ಬೇಕು. ಸರಳವಾಗಿ ಹೇಳುವುದಾದರೆ ಮುಂದೆ ರ‍್ಯಾಕ್, ಹಿಂದೆ ರೋ. ಎರಡು ಕೋಶಗಳು ತಾಗಿದ ಜಾಗದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ರ‍್ಯಾಕ್ ಇಳಿಯುತ್ತದೆ, ರೋ ಏರುತ್ತದೆ. ಮುಂದಿನ ತುದಿಯಾಗಿದ್ದದ್ದು ಹಿಂದಿನ ತುದಿಯಂತೆ ವರ್ತಿಸುತ್ತದೆ. ಆಗ ಬೇರೆ ಯಾವುದೋ ಖಾಲಿ ಅಂಚಿನಲ್ಲಿ ಹೊಸ ಚಾಚು ಹುಟ್ಟಿ ಕೋಶ ಆ ಕಡೆ ಹೊರಡುತ್ತದೆ.

ಹಾಗಾದರೆ ತಾಗಿದ್ದು ಗೊತ್ತಾಗುವುದು ಹೇಗೆ? ಪೊರೆಯ ಮೇಲಿರುವ ಪ್ರೋಟೀನುಗಳಿಂದ. ಅದರಲ್ಲಿ ಒಂದು ಬಗೆ ಕ್ಯಾಡ್‌ಹೆರಿನ್. ಒಂದು ಕೋಶದ ಕ್ಯಾಡ್‌ಹೆರಿನ್ ಎದುರಿನ ಕೋಶದ ಅದೇ ಬಗೆಯ ಕ್ಯಾಡ್‌ಹೆರಿನ್ ಅನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಬಗೆ ಎಫ್ ರಿಸೆಪ್ಟರುಗಳು, ಅಂದರೆ ಹೊರಗಿನ ಸುದ್ದಿ ಹಿಡಿಯುವ ಪ್ರೋಟೀನುಗಳು. ಇವಕ್ಕೆ ಜೋಡಿಯಾದ ಎಫ್ರಿನ್ ಎದುರಿನ ಕೋಶದ ಪೊರೆಗೇ ಅಂಟಿಕೊಂಡಿರುತ್ತದೆ, ಹಾರ್ಮೋನಿನಂತೆ ದ್ರವದಲ್ಲಿ ತೇಲಿ ಬರುವುದಿಲ್ಲ. ಹಾಗಾಗಿ ಮೈಗೆ ಮೈ ತಾಗಿದಾಗ ಮಾತ್ರ ಸುದ್ದಿ ತಲುಪುತ್ತದೆ. ಎದುರಿಗೆ ಯಾರಿದ್ದಾರೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕೋಶಕ್ಕೆ ಮುಖ ಗೊತ್ತಾಗುವುದಿಲ್ಲ. ಎದುರಿನವರ ಪೊರೆಯಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂಬುದಷ್ಟೇ ತಿಳಿಯುತ್ತದೆ. ಅದೇ ಕೋಶ ಒಬ್ಬರನ್ನು ಮುಟ್ಟಿ ಹಿಂದೆ ಸರಿಯಬಹುದು, ಇನ್ನೊಬ್ಬರನ್ನು ಮುಟ್ಟಿ ಅಂಟಿಕೊಳ್ಳಬಹುದು, ಮತ್ತೊಬ್ಬರ ನಡುವೆ ನುಗ್ಗಿಹೋಗಬಹುದು. ಈ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ತಾಗಿದ್ದರಿಂದ ಏನಾಗುತ್ತದೆ ಎನ್ನುವುದು ಯಾರಿಗೆ ಯಾರು ತಾಗಿದರು ಎನ್ನುವುದರ ಮೇಲಿದೆ.

ಸುದ್ದಿಯ ಜೊತೆಗೆ ಬಲದ ಪಾತ್ರವೂ ಇದೆ. ನನಗೆ ಇದು ತುಂಬಾ ಇಷ್ಟವಾದ ಭಾಗ. ಹಣ್ಣುನೊಣದ ಭ್ರೂಣದಲ್ಲಿ ಹೀಮೋಸೈಟ್ ಎಂಬ ಕೋಶಗಳಿವೆ, ರೋಗಾಣು ನುಂಗುವ ನಮ್ಮ ಮ್ಯಾಕ್ರೊಫೇಜುಗಳಂಥವು. ಭ್ರೂಣ ಪಾರದರ್ಶಕವಾದ್ದರಿಂದ ಅವು ಒಳಗೆ ಓಡಾಡುವುದನ್ನು ಜೀವಂತವಾಗಿಯೇ ನೋಡಬಹುದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಬ್ರಯನ್ ಸ್ಟ್ರೇಮರ್ ತಂಡ ಇವು ಡಿಕ್ಕಿಯಾಗುವುದನ್ನು ಹತ್ತಿರದಿಂದ ನೋಡಿತು. ಎರಡು ಕೋಶಗಳ ಚಾಚುಗಳು ತಾಗಿದಾಗ ಒಳಗಿನ ಆಕ್ಟಿನ್ ಜಾಲಗಳು ಪೊರೆಯ ಈಚೆ ಆಚೆಯಿಂದಲೇ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮೈಕ್ರೋಟ್ಯೂಬ್ಯೂಲ್ ಎಳೆಗಳೂ ಎದುರುಬದುರಾಗಿ ಒಂದೇ ಸಾಲಿಗೆ ಬರುತ್ತವೆ. ಎರಡೂ ಕಡೆ ಎಳೆತ ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಆ ಹಿಡಿತ ತಟ್ಟನೆ ಬಿಡುತ್ತದೆ, ಎರಡೂ ಕೋಶಗಳು ಒಂದೇ ಸಲಕ್ಕೆ ಹಿಂದೆ ಸರಿಯುತ್ತವೆ. ಈ ವಿವರ 2015ರಲ್ಲಿ ಪ್ರಕಟವಾಯಿತು. ಅಂದರೆ ದೂರವಾಗಬೇಕಾದರೆ ಮೊದಲು ಹಿಡಿದುಕೊಳ್ಳಬೇಕು. ನಿಮ್ಮ ವಿಡಿಯೊದಲ್ಲಿ ಕೋಶಗಳು 'ಸ್ವಲ್ಪ ಹೊತ್ತು ಹಾಗೇ ಇದ್ದವು' ಎಂದಿರಲ್ಲ, ಆ ಹೊತ್ತಿನಲ್ಲಿ ಅವು ಸುಮ್ನೆ ಕೂತಿರಲಿಲ್ಲ.

ಹೀಗೆ ದೂರ ತಳ್ಳುವುದರಿಂದ ಏನು ಪ್ರಯೋಜನ? ಅದೇ ಹೀಮೋಸೈಟುಗಳು ಭ್ರೂಣದ ಹೊಟ್ಟೆಯ ಕಡೆ, ಚರ್ಮದ ಕೆಳಗೆ ಒಂದೇ ಪದರದಲ್ಲಿ ಹರಡಿಕೊಳ್ಳುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ಒಂದೇ ಅಂತರ. ಇಲ್ಲಿ ನೀನು, ಅಲ್ಲಿ ನೀನು ಎಂದು ಯಾರೂ ಜಾಗ ಗೊತ್ತುಮಾಡಿಲ್ಲ. ಸಿಕ್ಕಿದವರಿಂದ ದೂರ ಸರಿ ಎಂಬ ಒಂದೇ ನಿಯಮ ಹಾಕಿ ಕಂಪ್ಯೂಟರಿನಲ್ಲಿ ಓಡಿಸಿದರೂ ಅಂಥದೇ ಹರಡಿಕೆ ಬರುತ್ತದೆ ಎಂದು ಇದೇ ತಂಡ 2012ರಲ್ಲಿ ತೋರಿಸಿತು. ಸರಿಯುವ ಗುಣ ಕೆಟ್ಟ ಹೀಮೋಸೈಟುಗಳು ಹೀಗೆ ಸಮನಾಗಿ ಹರಡದೆ ಅಲ್ಲಲ್ಲಿ ಗುಂಪುಗಟ್ಟುತ್ತವೆ.

ಗುಂಪಾಗಿ ಹೋಗುವ ವಿಷಯಕ್ಕೆ ಬರೋಣ. ದೂರ ಸರಿಯುವ ಕೋಶಗಳು ಗುಂಪಾಗಿ ಸಾಗುವುದು ವಿಚಿತ್ರವೆನಿಸುತ್ತದೆ, ಅಲ್ವಾ? ಇದಕ್ಕೆ ಅತ್ಯುತ್ತಮ ಉದಾಹರಣೆ ನ್ಯೂರಲ್ ಕ್ರೆಸ್ಟ್. ಭ್ರೂಣದಲ್ಲಿ ಮುಂದೆ ಮಿದುಳು, ಮಿದುಳುಬಳ್ಳಿ ಆಗುವ ನರಕೊಳವೆಯ ಅಂಚಿನಿಂದ ಹೊರಡುವ ಕೋಶಗಳಿವು. ಮುಖದ ಮೂಳೆ, ಮೃದ್ವಸ್ಥಿ, ಚರ್ಮದ ಬಣ್ಣದ ಕೋಶಗಳು, ಕರುಳಿನ ನರಗಳು, ಅಡ್ರಿನಲ್ ಗ್ರಂಥಿಯ ಒಳಭಾಗ, ಇಷ್ಟೆಲ್ಲ ಇವುಗಳಿಂದಲೇ ಆಗಬೇಕು. ಅದಕ್ಕಾಗಿ ದೂರದೂರದ ಜಾಗಗಳಿಗೆ ಹೋಗಬೇಕು.

ಯೂನಿವರ್ಸಿಟಿ ಕಾಲೇಜಿನಲ್ಲೇ, ಅಂದರೆ ಅಬರ್‌ಕ್ರಾಂಬಿ ಇದ್ದಲ್ಲಿಯೇ, ರೊಬೆರ್ತೊ ಮಯೋರ್ ತಂಡ ಆಫ್ರಿಕದ ಕಪ್ಪೆ ಕ್ಸೆನೊಪಸ್ ಮತ್ತು ಜೀಬ್ರಾ ಮೀನಿನ ಭ್ರೂಣಗಳಲ್ಲಿ ಇದನ್ನು ನೋಡಿತು. 2008ರಲ್ಲಿ ಅವರ ಫಲಿತಾಂಶ ಬಂತು. ಅಲ್ಲಿಯವರೆಗೆ ಇದು ಹೆಚ್ಚಾಗಿ ತಟ್ಟೆಯ ಮೇಲಿನ ಸಂಗತಿ ಎಂದೇ ಬಹಳ ಜನ ಅಂದುಕೊಂಡಿದ್ದರು. ಜೀವಂತ ಭ್ರೂಣದಲ್ಲೂ ಇದು ನಡೆಯುತ್ತದೆ, ದಿಕ್ಕನ್ನೂ ಕೊಡುತ್ತದೆ ಎಂದು ಆಗ ಗೊತ್ತಾಯಿತು.

ದಿಕ್ಕು ಬರುವುದು ಹೀಗೆ. ತೇರಿನ ದಿನ ರಥಬೀದಿಯಲ್ಲಿ ನಿಂತಿದ್ದೀರೆಂದು ಇಟ್ಟುಕೊಳ್ಳಿ. ಜನಜಂಗುಳಿಯ ನಡುವೆ ಸಿಕ್ಕವರಿಗೆ ಯಾವ ಕಡೆಗೂ ಕಾಲಿಡಲು ಜಾಗವಿಲ್ಲ. ಅಂಚಿನಲ್ಲಿ ನಿಂತವರಿಗೆ ಮಾತ್ರ ಹೊರಗಿನ ಕಡೆ ಹೆಜ್ಜೆ ಇಡಲಾಗುತ್ತದೆ. ಕೋಶಗಳ ಗುಂಪಿನಲ್ಲೂ ಹಾಗೆಯೇ. ಒಳಗಿರುವುದಕ್ಕೆ ಸುತ್ತಲೂ ನೆರೆಯವರು, ಎಲ್ಲ ಕಡೆಯೂ ಚಾಚಲು ತಡೆ. ಅಂಚಿನದಕ್ಕೆ ಹಿಂದೆ ನೆರೆಯವರು, ಮುಂದೆ ಬಯಲು. ಚಾಚು ಹುಟ್ಟುವುದು ಬಯಲಿನ ಕಡೆಗೆ ಮಾತ್ರ. ಒಂಟಿಯಾಗಿ ಬಿಟ್ಟರೆ ಎತ್ತೆತ್ತಲೋ ಅಲೆಯುವ ಕೋಶವೇ ಗುಂಪಿನ ಅಂಚಿನಲ್ಲಿ ನೆಟ್ಟಗೆ ಹೊರಮುಖವಾಗಿ ಹೋಗುತ್ತದೆ.

ಆದರೆ ಇಷ್ಟೇ ಆಗಿದ್ದರೆ ಗುಂಪು ಚದುರಿಹೋಗಬೇಕಿತ್ತು. ಚದುರದಂತೆ ಹಿಡಿದಿಡುವುದೂ ಒಂದಿದೆ. ಈ ಕೋಶಗಳು ಸಿ3ಎ ಎಂಬ ಪ್ರೋಟೀನಿನ ತುಣುಕನ್ನು ಹೊರಬಿಡುತ್ತವೆ, ಅದನ್ನು ಗುರುತಿಸುವ ರಿಸೆಪ್ಟರೂ ಅವುಗಳ ಮೇಲೆಯೇ ಇದೆ. ಗುಂಪು ಬಿಟ್ಟು ಹೋದ ಕೋಶ ಆ ವಾಸನೆ ಹಿಡಿದು ವಾಪಸ್ ಬರುತ್ತದೆ. ಸೋಂಕಿನ ವಿರುದ್ಧ ಹೋರಾಡುವ ಕಾಂಪ್ಲಿಮೆಂಟ್ ವ್ಯವಸ್ಥೆಯ ತುಣುಕು ಇದು, ಭ್ರೂಣದಲ್ಲಿ ಬೇರೆಯೇ ಕೆಲಸ ಮಾಡುತ್ತಿದೆ. ಒಂದು ಕಡೆ ತಳ್ಳುವುದು, ಇನ್ನೊಂದು ಕಡೆ ಸೆಳೆಯುವುದು, ಎರಡೂ ಸೇರಿ ಸಡಿಲವಾದರೂ ಒಟ್ಟಾಗಿರುವ ಗುಂಪು.

ಮುಂದಿನ ದಾರಿಗೆ ಎಸ್‌ಡಿಎಫ್-1 ಎಂಬ ಸೆಳೆಯುವ ಪ್ರೋಟೀನಿದೆ. ಅದನ್ನು ಹೊರಬಿಡುವುದು ಪಕ್ಕದಲ್ಲಿರುವ ಪ್ಲಾಕೋಡ್ ಕೋಶಗಳು, ಮುಂದೆ ಕಿವಿ, ಮೂಗಿನಂಥ ಇಂದ್ರಿಯಗಳ ಭಾಗವಾಗುವಂಥವು. ನ್ಯೂರಲ್ ಕ್ರೆಸ್ಟ್ ಅವುಗಳನ್ನು ಬೆನ್ನಟ್ಟುತ್ತದೆ. ಬೆನ್ನಟ್ಟಿ ಮುಟ್ಟಿದ ಕೂಡಲೇ ಪ್ಲಾಕೋಡ್ ಕೋಶಗಳು ದೂರ ಓಡುತ್ತವೆ. ಮತ್ತೆ ಬೆನ್ನಟ್ಟುವುದು, ಮತ್ತೆ ಓಡುವುದು. ಎರಡೂ ಗುಂಪು ಒಟ್ಟಿಗೆ ಮುಂದಕ್ಕೆ ಹೋಗುತ್ತವೆ. 2013ರಲ್ಲಿ ಇದು ಪ್ರಕಟವಾದಾಗ ಇದಕ್ಕೆ ಬಿದ್ದ ಹೆಸರೇ 'ಬೆನ್ನಟ್ಟು-ಓಡು'.

ಈ ಪ್ರಯಾಣ ಪೂರ್ತಿಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಿರ್ಶ್‌ಸ್ಪ್ರಂಗ್ ಕಾಯಿಲೆ ಸಾಕ್ಷಿ. ಕರುಳಿನ ನರಗಳಾಗಬೇಕಾದ ನ್ಯೂರಲ್ ಕ್ರೆಸ್ಟ್ ಕೋಶಗಳು ದೊಡ್ಡ ಕರುಳಿನ ಕೊನೆಯವರೆಗೆ ತಲುಪಿರುವುದಿಲ್ಲ. ನರವಿಲ್ಲದ ಭಾಗ ಸಡಿಲವಾಗದೆ ಬಿಗಿದುಕೊಂಡೇ ಇರುತ್ತದೆ, ಹುಟ್ಟಿದ ಮಗು ಮಲ ಹಾಕಲಾರದು. ಸುಮಾರು 5,000 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ಇದಕ್ಕೆ ಕಾರಣ ಹಲವು, ತಾಗುವಿಕೆಯ ತೊಂದರೆಯೊಂದೇ ಅಲ್ಲ. ಆದರೆ ಕೊನೆ ಮುಟ್ಟಲು ಹಿಂದಿನಿಂದ ಸಾಕಷ್ಟು ಕೋಶಗಳ ಒತ್ತಡ ಇರಬೇಕು ಎಂಬುದು ಭ್ರೂಣಗಳ ಪ್ರಯೋಗದಲ್ಲಿ ಕಂಡಿದೆ.

ಗಾಯದ ಪ್ರಶ್ನೆ ಸುಲಭ. ಚರ್ಮದ ಅಥವಾ ಕಣ್ಣಿನ ಕಾರ್ನಿಯಾದ ಮೇಲ್ಪದರದ ಕೋಶಗಳು ಇ-ಕ್ಯಾಡ್‌ಹೆರಿನ್ ಎಂಬ ಬಗೆಯಿಂದ ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಗಾಯವಾದಾಗ ಅಂಚಿನ ಕೋಶಗಳಿಗೆ ಒಂದು ಕಡೆ ನೆರೆಯವರು ಇಲ್ಲವಾಗುತ್ತಾರೆ. ಚಾಚು ಆ ಕಡೆಗೇ ಹುಟ್ಟುತ್ತದೆ, ಇಡೀ ಪದರ ಹಿಂದಿನಿಂದ ಜೊತೆಗೆ ಬರುತ್ತದೆ. ಎದುರಿನ ಅಂಚು ಸಿಕ್ಕಿದಾಗ ಚಾಚು ನಿಲ್ಲುತ್ತದೆ. ಇಲ್ಲಿಯವರೆಗೆ ಫೈಬ್ರೋಬ್ಲಾಸ್ಟಿನ ಕಥೆಯೇ. ವ್ಯತ್ಯಾಸ ಆಮೇಲಿನದು. ಇವು ಹಿಂದೆ ಸರಿಯುವುದಿಲ್ಲ, ಇ-ಕ್ಯಾಡ್‌ಹೆರಿನ್ ಹಿಡಿದು ಹೊಸ ಜೋಡಣೆ ಹಾಕಿಕೊಳ್ಳುತ್ತವೆ. ನ್ಯೂರಲ್ ಕ್ರೆಸ್ಟ್ ಕೋಶಗಳಲ್ಲಿ ಇದೇ ಬದಲಾವಣೆಯನ್ನು ಉಲ್ಟಾ ಕಾಣಬಹುದು. ಹೊರಡುವ ಮೊದಲು ಅವುಗಳಲ್ಲೂ ಇ-ಕ್ಯಾಡ್‌ಹೆರಿನ್ ಇರುತ್ತದೆ, ಆಗ ತಾಗಿದರೆ ಅಂಟಿಕೊಂಡೇ ಇರುತ್ತವೆ. ಎನ್-ಕ್ಯಾಡ್‌ಹೆರಿನ್‌ಗೆ ಬದಲಾದ ಮೇಲೆ ದೂರ ಸರಿಯುವ ಗುಣ ಬರುತ್ತದೆ.

ಎಲ್ಲ ಕೋಶಗಳಿಗೂ ಈ ನಿಯಮ ಇಲ್ಲ. ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಫೈಬ್ರೋಬ್ಲಾಸ್ಟಿಗೆ ತಾಗಿ ವಾಪಸಾಗುತ್ತಾ ಕೂತರೆ ಸೋಂಕಿನ ಜಾಗ ಮುಟ್ಟಿದ ಹಾಗೆಯೇ. ಅವು ನುಸುಳಿಕೊಂಡು ಹೋಗುತ್ತವೆ. ಡಿಕ್ಟಿಯೊಸ್ಟೀಲಿಯಂ ಎಂಬ ಮಣ್ಣಿನ ಅಮೀಬಾಗಳು ಹಸಿದಾಗ ಮುಂದಿನದರ ಬಾಲಕ್ಕೆ ಹಿಂದಿನದರ ತಲೆ ತಾಗಿಸಿಕೊಂಡು ಸಾಲಾಗಿ ಹೋಗುತ್ತವೆ. ಅಲ್ಲಿ ತಾಗುವುದೆಂದರೆ ಹಿಂಬಾಲಿಸುವುದು.

ನಿಮ್ಮ ತರಗತಿಗೆ ಇನ್ನೊಂದು ಉದಾಹರಣೆ ಚೆನ್ನಾಗಿ ಹೊಂದುತ್ತದೆ: ಜೀಬ್ರಾ ಮೀನಿನ ಪಟ್ಟೆ. ಅಕ್ವೇರಿಯಂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮೀನು ಇದು, ಮೂಲ ನಮ್ಮ ಉಪಖಂಡದ ಹಳ್ಳ-ಗದ್ದೆಗಳ ನೀರೇ. 1822ರಲ್ಲಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೂ ಕೆನರಾವನ್ನೂ ಸುತ್ತಿ ಬೆಳೆ, ಜಾತಿ, ವ್ಯಾಪಾರ ಎಲ್ಲ ಬರೆದುಕೊಂಡ ಬುಕಾನನ್ ಇವರೇ. ನಿಮ್ಮ ಇತಿಹಾಸದ ಸಹೋದ್ಯೋಗಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಈ ಮೀನಿನ ಮೈಯ ಕಪ್ಪು ಪಟ್ಟೆಯಲ್ಲಿ ಕಪ್ಪು ಕೋಶಗಳು, ನಡುವಿನ ಜಾಗದಲ್ಲಿ ಹಳದಿ ಕೋಶಗಳು ಇರುತ್ತವೆ. ಜಪಾನಿನ ಶಿಗೆರು ಕೊಂಡೊ ತಂಡ ಇವನ್ನು ತಟ್ಟೆಯಲ್ಲಿ ಜೊತೆಗಿಟ್ಟು ನೋಡಿತು. ಹಳದಿ ಕೋಶ ತನ್ನ ಚಾಚಿನಿಂದ ಕಪ್ಪು ಕೋಶವನ್ನು ಮುಟ್ಟುತ್ತದೆ. ಮುಟ್ಟಿದ ಕಪ್ಪು ಕೋಶದ ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಅದು ದೂರ ಹೋಗುತ್ತದೆ. ಹಳದಿ ಅದರ ಹಿಂದೆ ಹೋಗುತ್ತದೆ. ಕೋಶದಿಂದ ಕೋಶಕ್ಕೆ ದಾರಿ ಮಾಡುವ ಕನೆಕ್ಸಿನ್ ಎಂಬ ಪ್ರೋಟೀನು ಕೆಟ್ಟ ಒಂದು ಬಗೆಯ ಮೀನಿದೆ. ಅದರ ಮೈಯಲ್ಲಿ ಪಟ್ಟೆಯ ಬದಲು ಚುಕ್ಕೆ ಇರುತ್ತವೆ, ಅದಕ್ಕೇ ಅದನ್ನು ಲೆಪರ್ಡ್ ಎನ್ನುತ್ತಾರೆ. ಆ ಮೀನಿನ ಕೋಶಗಳಲ್ಲಿ ಈ ಬೆನ್ನಟ್ಟುವ ಆಟವೂ ಬೇರೆ ಥರ ನಡೆಯುತ್ತದೆ. ಜೀಬ್ರಾ ಮೀನು ಮತ್ತು ಲೆಪರ್ಡ್ ಮೀನಿನ ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳಿಗೆ ಬಹಳ ಬೇಗ ಹಿಡಿಸುತ್ತದೆ.

ಇನ್ನು ಕ್ಯಾನ್ಸರ್. 1957ರಲ್ಲಿ ಅಬರ್‌ಕ್ರಾಂಬಿ ತಂಡ ಒಂದು ಕಡೆ ಫೈಬ್ರೋಬ್ಲಾಸ್ಟ್, ಇನ್ನೊಂದು ಕಡೆ ಇಲಿಯ ಸಾರ್ಕೋಮಾ (ಮೂಳೆ, ಸ್ನಾಯುವಿನಂಥ ಅಂಗಾಂಶಗಳ ಕ್ಯಾನ್ಸರ್) ಕೋಶಗಳನ್ನು ಎದುರುಬದುರಾಗಿ ಬಿಟ್ಟು ನೋಡಿತು. ಸಾರ್ಕೋಮಾ ಕೋಶಗಳು ಫೈಬ್ರೋಬ್ಲಾಸ್ಟುಗಳಿಗೆ ತಾಗಿ ನಿಲ್ಲಲಿಲ್ಲ, ಅವುಗಳ ನಡುವೆ ಹಾದು ಒಳಗೆ ಹೋದವು. ಕ್ಯಾನ್ಸರ್ ಹರಡುವುದಕ್ಕೂ ಇದಕ್ಕೂ ನಂಟಿದೆ ಎಂಬ ಯೋಚನೆ ಆಗಿನಿಂದ ಬಂತು. ಆದರೆ 'ಗುಣ ಕಳೆದುಕೊಂಡಿವೆ' ಎಂದುಬಿಟ್ಟರೆ ಅರ್ಧ ಸತ್ಯ. ಮೇಲೆ ಹೇಳಿದ ನ್ಯೂರಲ್ ಕ್ರೆಸ್ಟ್ ನೋಡಿ. ಪರಸ್ಪರ ತಾಗಿದಾಗ ದೂರ ಸರಿಯುವ ಆ ಕೋಶಗಳೇ ಬೇರೆ ಅಂಗಾಂಶ ಸಿಕ್ಕಾಗ ಅದರೊಳಗೆ ನುಗ್ಗುತ್ತವೆ. ಪೂರ್ತಿ ಆರೋಗ್ಯವಾಗಿರುವ ಭ್ರೂಣದಲ್ಲಿ, ಆಗಬೇಕಾದ ರೀತಿಯಲ್ಲೇ.

ಪ್ರಾಸ್ಟೇಟ್ ಕ್ಯಾನ್ಸರಿನ ಪಿಸಿ-3 ಕೋಶಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವೊಂದು 2010ರಲ್ಲಿ ತೋರಿಸಿದಂತೆ, ಎರಡು ಪಿಸಿ-3 ಕೋಶಗಳು ತಾಗಿದರೆ ಮರ್ಯಾದೆಯಿಂದ ಹಿಂದೆ ಸರಿಯುತ್ತವೆ. ಅದೇ ಕೋಶ ಫೈಬ್ರೋಬ್ಲಾಸ್ಟಿಗೆ ತಾಗಿದರೆ ಸರಿಯುವುದಿಲ್ಲ, ಮುಂದಕ್ಕೇ ಹೋಗುತ್ತದೆ. ಕಾರಣ ಎಫ್ ರಿಸೆಪ್ಟರುಗಳ ಪೈಪೋಟಿ. ಎಫ್-ಎ ಬಗೆಯವು ಹಿಂದೆ ಸರಿ ಎನ್ನುತ್ತವೆ, ಎಫ್-ಬಿ ಬಗೆಯವು ಮುಂದೆ ಹೋಗು ಎನ್ನುತ್ತವೆ. ಪಿಸಿ-3 ಕೋಶದಲ್ಲಿ ಎರಡೂ ಇವೆ. ಇನ್ನೊಂದು ಪಿಸಿ-3 ಎದುರಾದಾಗ ಎಫ್-ಎ ಗೆಲ್ಲುತ್ತದೆ. ಫೈಬ್ರೋಬ್ಲಾಸ್ಟಿನ ಮೇಲೆ ಎಫ್ರಿನ್-ಬಿ2 ಇರುವುದರಿಂದ ಅಲ್ಲಿ ಎಫ್-ಬಿ ಗೆಲ್ಲುತ್ತದೆ. ಈ ಎಫ್-ಬಿ ರಿಸೆಪ್ಟರುಗಳನ್ನು ಕಡಿಮೆ ಮಾಡಿದಾಗ ಪಿಸಿ-3 ಫೈಬ್ರೋಬ್ಲಾಸ್ಟಿಗೆ ತಾಗಿಯೂ ಹಿಂದೆ ಸರಿಯತೊಡಗಿತು. ಹಿಂದೆ ಸರಿಯುವ ಸಾಮರ್ಥ್ಯ ಅದರೊಳಗೆ ಮೊದಲಿನಿಂದಲೂ ಇತ್ತು.

ಹಾಗಾದರೆ ಆ ರಿಸೆಪ್ಟರಿಗೆ ಮದ್ದು ಕೊಟ್ಟು ಕ್ಯಾನ್ಸರ್ ಹರಡುವುದನ್ನು ನಿಲ್ಲಿಸಬಹುದಲ್ಲ ಎಂದು ನಿಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಕೇಳುತ್ತಾರೆ. ಕೇಳಲಿ, ಒಳ್ಳೆಯ ಪ್ರಶ್ನೆ. ಆದರೆ ಎಫ್ ರಿಸೆಪ್ಟರುಗಳು ರಕ್ತನಾಳ ಬೆಳೆಯಲು, ನರಗಳು ಸರಿಯಾದ ಜಾಗ ಸೇರಲು ಕೂಡ ಬೇಕು, ಹಾಗಾಗಿ ಮೈಯೆಲ್ಲಾ ಅವನ್ನು ಅದುಮಿ ಹಿಡಿಯುವಂತಿಲ್ಲ. ಇನ್ನೊಂದು ತೊಡಕೆಂದರೆ, ಈ ಪ್ರಯೋಗಗಳಲ್ಲಿ ಹೆಚ್ಚಿನವು ಸಪಾಟಾದ ತಟ್ಟೆಯ ಮೇಲೆ ನಡೆದವು. ಮೈಯೊಳಗೆ ಕೋಶದ ಸುತ್ತಲೂ ಕೊಲಾಜೆನ್ ನಾರುಗಳ ಜಾಲ. ಸಪಾಟು ತಟ್ಟೆಯಲ್ಲಿ ತಿರುಗಿ ಹೋಗಲು ಎಷ್ಟೋ ಕಡೆ ಜಾಗವಿರುತ್ತದೆ, ತೆಳುವಾದ ನಾರಿನ ಮೇಲೆ ಇರುವುದು ಹಿಂದೆ ಮತ್ತು ಮುಂದೆ ಎರಡೇ. ಅದಕ್ಕೇ ಈಗ ಗಾಜಿನ ಮೇಲೆ ಕೋಶದಷ್ಟೇ ಅಗಲದ ಅಂಟುಗೆರೆಗಳನ್ನು ಅಚ್ಚು ಹಾಕಿ, ಎರಡು ಕೋಶಗಳನ್ನು ಅದರ ಮೇಲೆ ಎದುರುಬದುರು ಬಿಟ್ಟು ನೋಡುತ್ತಾರೆ. ಅಂಥ ಗೆರೆಗಳ ಮೇಲೆ ಕೆಲವು ಕ್ಯಾನ್ಸರ್ ಕೋಶಗಳು ಎದುರಿನ ಕೋಶವನ್ನು ಪಕ್ಕದಿಂದ ಸವರಿಕೊಂಡೇ ದಾಟಿಹೋಗುತ್ತವೆ. ನಿಮ್ಮ ವಿಡಿಯೊದಲ್ಲಿ ಕೋಶಗಳು ಓಡಾಡಿದ್ದು ಸಪಾಟು ತಟ್ಟೆಯ ಮೇಲೋ ಇಂಥ ಗೆರೆಯ ಮೇಲೋ ಎಂದು ಒಮ್ಮೆ ನೋಡಿಕೊಳ್ಳಿ. ತರಗತಿಯಲ್ಲಿ ತೋರಿಸುವಾಗ ಅದನ್ನೂ ಹೇಳಿ.